2500 ರೂಪಾಯಿಗೆ ಮೊದಲ ಮೆಕ್ಯಾನಿಕಲ್ ಕೀಬೋರ್ಡ್: ಕನ್ನಡ ಟೈಪ್ ಮಾಡುವವರು ಎಫ್ ಕೀ ನೋಡಿ ಕೊಳ್ಳಿ

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನಲ್ಲಿ ಬಿ.ಕಾಂ ಎರಡನೇ ವರ್ಷ. ಸರಸ್ವತಿಪುರಂನಲ್ಲಿ ಮೂವರು ಸೇರಿ ಒಂದು ರೂಮು. ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಕಲಿಯುತ್ತಿದ್ದೀರಿ. ಸಂಜೆ ಹೊತ್ತು ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿಕೊಟ್ಟು ಖರ್ಚಿಗೆ ಸ್ವಲ್ಪ ದುಡ್ಡು ಮಾಡಿಕೊಳ್ಳುತ್ತೀರಿ. ಲ್ಯಾಪ್‌ಟಾಪ್ ಕೀಬೋರ್ಡಿನಲ್ಲಿ ಬೆರಳು ನೋಯುತ್ತಿದೆ. ಕೈಯಲ್ಲಿರುವುದು 2500 ರೂಪಾಯಿ. ಇಷ್ಟಕ್ಕೆ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ತನ್ನದೇ ಸ್ವಿಚ್ಚು ಇರುವಂಥದ್ದು) ಬರುತ್ತಾ, ಬಂದರೆ ಯಾವುದು ತಗೊಳ್ಳಲಿ?

ಬರುತ್ತದೆ. ಧೈರ್ಯವಾಗಿ ತಗೊಳ್ಳಿ. ಆದರೆ ಯೂಟ್ಯೂಬಿನಲ್ಲಿ ಗೇಮ್ ಆಡುವವರು ಹೇಳುವ ಲೆಕ್ಕ ಬೇರೆ, ದಿನಾ ಕನ್ನಡ ಟೈಪ್ ಮಾಡುವವರ ಲೆಕ್ಕ ಬೇರೆ. ನಾನು ಮಂಡ್ಯದಲ್ಲಿ ಹದಿನಾಲ್ಕು ವರ್ಷದಿಂದ ಡಿ.ಟಿ.ಪಿ. ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಅಫಿಡವಿಟ್, ಅರ್ಜಿ, ತಿಥಿ ಕಾರ್ಡು, ಎಲ್ಲವೂ ಕನ್ನಡವೇ. ದಿನಕ್ಕೆ ಎಂಟು ಗಂಟೆ ಕೀಬೋರ್ಡ್ ಮುಂದೆ. ಅದಕ್ಕೇ ನನ್ನ ಉತ್ತರ ಒಂದು ಕೀಯಿಂದ ಶುರುವಾಗುತ್ತದೆ. ಅದು ಎಫ್.

ನುಡಿಯಲ್ಲಿ ನೀವೂ ನಾನೂ ಬಳಸುವ ವಿನ್ಯಾಸಕ್ಕೆ ಬುನಾದಿ ಹಾಕಿದವರು ಕೆ.ಪಿ. ರಾವ್ ಅವರು. ಇಂಗ್ಲಿಷ್ ಅಕ್ಷರದ ಸದ್ದಿಗೆ ಕನ್ನಡ ಅಕ್ಷರ ಹೊಂದಿಸಿದ್ದು ಅವರ ದೊಡ್ಡ ಉಪಕಾರ. ಅದರಿಂದಲೇ ಕೀ ಮೇಲೆ ಕನ್ನಡ ಸ್ಟಿಕ್ಕರ್ ಅಂಟಿಸುವ ಗೋಜು ನಮಗಿಲ್ಲ. ಈ ವಿನ್ಯಾಸದಲ್ಲಿ ಒತ್ತಕ್ಷರ ಬೇಕೆಂದರೆ ಎಫ್ ಒತ್ತಬೇಕು. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ದೀರ್ಘ ಬೇಕೆಂದರೆ ಶಿಫ್ಟ್, ಮಹಾಪ್ರಾಣ ಬೇಕೆಂದರೂ ಶಿಫ್ಟ್.

ಈಗ ಒಂದು ಸಾಲು ನೋಡಿ. 'ವಿವಾಹ ಮಹೋತ್ಸವಕ್ಕೆ ತಮ್ಮೆಲ್ಲರಿಗೂ ಆದರದ ಸ್ವಾಗತ.' ಇದನ್ನು ನಾನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. 'ಮಹೋತ್ಸವಕ್ಕೆ' ಎನ್ನುವಲ್ಲಿ ಎರಡು ಎಫ್, 'ತಮ್ಮೆಲ್ಲರಿಗೂ' ಎನ್ನುವಲ್ಲಿ ಎರಡು, 'ಸ್ವಾಗತ'ದಲ್ಲಿ ಒಂದು. ಒಂದು ಸಣ್ಣ ಸಾಲಿನಲ್ಲಿ ಐದು. ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಅಪರೂಪದ ಕೀ. ನಮಗೆ ಅದು ಸವೆಯುವ ಮೊದಲ ಕೀ. ನನ್ನ ಹಳೇ ಕೀಬೋರ್ಡುಗಳನ್ನೆಲ್ಲ ಸಾಲಾಗಿ ಇಟ್ಟರೆ ಎಫ್ ಮೇಲಿನ ಅಕ್ಷರ ಯಾವುದರಲ್ಲೂ ಉಳಿದಿಲ್ಲ. ಕೆಳಗಿನ ಸಣ್ಣ ಗೀಟು ಕೂಡ ಸವೆದು ನುಣ್ಣಗಾಗಿದೆ.

ಇದು ನನಗೆ ತಿಳಿದದ್ದು ನಷ್ಟ ಮಾಡಿಕೊಂಡ ಮೇಲೆ. ನನ್ನ ಮೊದಲ ಮೆಕ್ಯಾನಿಕಲ್ ಕೀಬೋರ್ಡ್ ಅಗ್ಗದ್ದು. ಸ್ವಿಚ್ಚುಗಳನ್ನೆಲ್ಲ ಬೋರ್ಡಿಗೆ ಬೆಸುಗೆ ಹಾಕಿದ್ದರು. ಒಂದೂವರೆ ವರ್ಷ ಚೆನ್ನಾಗಿತ್ತು. ಆಮೇಲೆ ಎಫ್ ಕೀ ಒಂದು ಸಲ ಒತ್ತಿದರೆ ಎರಡು ಸಲ ಬೀಳುವುದು, ಕೆಲವೊಮ್ಮೆ ಬೀಳದೇ ಹೋಗುವುದು ಶುರುವಾಯಿತು. ಮಾಘ ಮಾಸ, ಮದುವೆ ಸೀಸನ್ನು, ಅಂಗಡಿ ತುಂಬ ಜನ. ಒಂದು ಪತ್ರಿಕೆಯಲ್ಲಿ 'ದ್ವಿತೀಯ ಪುತ್ರಿ' ಎನ್ನುವಲ್ಲಿ ಎಫ್ ಬೀಳಲಿಲ್ಲ. 'ಪುತರಿ' ಅಂತ ಆಯಿತು. ನಾನೂ ನೋಡಲಿಲ್ಲ, ಪ್ರೂಫ್ ನೋಡಿದ ಹುಡುಗನೂ ನೋಡಲಿಲ್ಲ. ಐನೂರು ಕಾರ್ಡು ಅಚ್ಚಾಗಿ ಬಂತು. ಹುಡುಗಿಯ ತಂದೆ ಕಟ್ಟು ಬಿಚ್ಚಿ ಒಂದು ಕಾರ್ಡು ಕೈಗೆ ತಗೊಂಡು ನಿಧಾನಕ್ಕೆ ಓದಿದರು. 'ಇದೇನಪ್ಪಾ ಮಗಾ, ಪುತರಿ ಅಂತ ಐತಲ್ಲ?' ಅಂದರು. ಜೋರು ಮಾಡಲಿಲ್ಲ, ಬೈಯಲಿಲ್ಲ. ಅದಕ್ಕೇ ಇನ್ನೂ ಜಾಸ್ತಿ ನೋವಾಯಿತು. ಐನೂರನ್ನೂ ನನ್ನ ದುಡ್ಡಿನಲ್ಲೇ ಮತ್ತೆ ಅಚ್ಚು ಹಾಕಿಸಿದೆ. ರಿಪೇರಿಗೆ ಕೊಟ್ಟರೆ, ಒಂದು ಸ್ವಿಚ್ಚಿಗೋಸ್ಕರ ಬೆಸುಗೆ ಬಿಚ್ಚಿ ಕೂರಿಸುವ ಕೂಲಿಯೇ ದುಬಾರಿ, ಹೊಸದೇ ತಗೊಳ್ಳಿ ಅಂದರು. ನೂರನಾಲ್ಕು ಕೀಯಲ್ಲಿ ನೂರಮೂರು ಚೆನ್ನಾಗಿದ್ದವು.

ಆದ್ದರಿಂದ ನಿಮಗೆ ನನ್ನ ಮೊದಲ ಮಾತು: ಹಾಟ್‌ಸ್ವಾಪ್ ಇರುವ ಕೀಬೋರ್ಡೇ ತಗೊಳ್ಳಿ. ಬೇರೆ ಯಾವ ಸೌಲಭ್ಯ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಹಾಟ್‌ಸ್ವಾಪ್ ಅಂದರೆ ಏನು ಅಂತ ಹೇಳಬೇಕಾದರೆ ಒಳಗೆ ಏನಿದೆ ನೋಡಬೇಕು. ನೀವು ಈಗ ಬಳಸುವಂಥ ಮಾಮೂಲಿ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಕೆಳಗೂ ಒಂದೇ ಪ್ಲಾಸ್ಟಿಕ್ ಹಾಳೆಯ ಸರ್ಕ್ಯೂಟು, ಅದರ ಮೇಲೆ ಮೆತ್ತನೆಯ ರಬ್ಬರ್ ಬುಗ್ಗೆಗಳು. ಕೀಯನ್ನು ತಳದವರೆಗೂ ಅದುಮಿದರೇನೇ ಅಕ್ಷರ ಬೀಳುತ್ತದೆ. ರಬ್ಬರ್ ಹಳೆಯದಾದ ಹಾಗೆ ಒರಟಾಗುತ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ತನ್ನದೇ ಸ್ವಿಚ್ಚು. ಒಳಗೆ ಒಂದು ಸ್ಪ್ರಿಂಗು, ಒಂದು ಪ್ಲಾಸ್ಟಿಕ್ ಕಾಂಡ, ಎರಡು ಲೋಹದ ಪಟ್ಟಿ. ಕೀ ಒಟ್ಟು 4 ಮಿ.ಮೀ. ಕೆಳಗೆ ಹೋಗುತ್ತದೆ. ಆದರೆ ಸುಮಾರು 2 ಮಿ.ಮೀ. ಹೋಗುವಷ್ಟರಲ್ಲೇ ಅಕ್ಷರ ಬಿದ್ದಿರುತ್ತದೆ. ತಳಕ್ಕೆ ಗುದ್ದಬೇಕಾಗಿಲ್ಲ. ಬೆರಳಿಗೆ ಹಾಯೆನಿಸುವುದು ಇದರಿಂದಲೇ. ಮೊದಲ ವಾರ ಹಳೇ ಅಭ್ಯಾಸಕ್ಕೆ ಗುದ್ದುತ್ತಲೇ ಇರುತ್ತೀರಿ, ಆಮೇಲೆ ತಾನಾಗೇ ಕೈ ಹಗುರವಾಗುತ್ತದೆ.

ಹಾಟ್‌ಸ್ವಾಪ್ ಬೋರ್ಡಿನಲ್ಲಿ ಈ ಸ್ವಿಚ್ಚುಗಳಿಗೆ ಬೆಸುಗೆ ಇರುವುದಿಲ್ಲ, ಗೋಡೆಯ ಸಾಕೆಟ್ಟಿಗೆ ಪ್ಲಗ್ ಹಾಕಿದ ಹಾಗೆ ಕೂರಿಸಿರುತ್ತಾರೆ. ಡಬ್ಬದಲ್ಲೇ ಒಂದು ಸಣ್ಣ ಇಕ್ಕುಳ ಕೊಟ್ಟಿರುತ್ತಾರೆ. ಮೊದಲು ಕೀಕ್ಯಾಪ್ ಎತ್ತಿ. ಒಳಗೆ ಸ್ವಿಚ್ಚಿನ ಮೇಲ್ಬದಿ ಮತ್ತು ಕೆಳಬದಿಯಲ್ಲಿ ಒಂದೊಂದು ಸಣ್ಣ ಕೊಂಡಿ ಕಾಣುತ್ತದೆ. ಇಕ್ಕುಳದ ಎರಡು ಬಾಯಿಯನ್ನೂ ಆ ಕೊಂಡಿಗಳ ಮೇಲೆ ಕೂರಿಸಿ, ಒತ್ತಿ ಹಿಡಿದು, ನೇರ ಮೇಲಕ್ಕೆ ಎಳೆಯಿರಿ. ಅಲ್ಲಾಡಿಸಿ ಎಳೆಯಬೇಡಿ. ಹೊಸ ಸ್ವಿಚ್ಚು ಹಾಕುವ ಮುಂಚೆ ಅದರ ಎರಡು ತಾಮ್ರದ ಕಾಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕೂದಲೆಳೆಯಷ್ಟು ಬಾಗಿದ್ದರೂ ತೂತಿಗೆ ಇಳಿಯದೆ ಮಡಚಿಕೊಳ್ಳುತ್ತದೆ. ಆಗ ಸ್ವಿಚ್ಚು ಕೂತ ಹಾಗೆ ಕಾಣುತ್ತದೆ, ಕೀ ಮಾತ್ರ ಕೆಲಸ ಮಾಡುವುದಿಲ್ಲ. ಎಷ್ಟೋ ಜನ ಬೋರ್ಡೇ ಹೋಯಿತು ಅಂತ ಗಾಬರಿಯಾಗುವುದು ಇಲ್ಲೇ. ಮತ್ತೆ ಎಳೆದು, ಚಿಮುಟದಲ್ಲಿ ಕಾಲು ನೆಟ್ಟಗೆ ಮಾಡಿ, ನೇರ ಒತ್ತಿದರೆ 'ಟಕ್' ಅಂತ ಕೂರುತ್ತದೆ.

ಹೊಸ ಸ್ವಿಚ್ಚು ತರಿಸುವ ತನಕ ಕೆಲಸ ನಿಲ್ಲಬಾರದು ಅಲ್ವಾ? ಅದಕ್ಕೊಂದು ದಾರಿ ಇದೆ. ಸ್ಕ್ರೋಲ್ ಲಾಕ್ ಅಥವಾ ಪಾಜ್ (Pause) ಕೀಯ ಸ್ವಿಚ್ಚು ಎಳೆದು ಎಫ್ ಜಾಗಕ್ಕೆ ಹಾಕಿ, ಎಫ್‌ನ ಸ್ವಿಚ್ಚನ್ನು ಅಲ್ಲಿಗೆ ಹಾಕಿ. ಆ ಕೀಗಳನ್ನು ಯಾರೂ ಒತ್ತುವುದಿಲ್ಲ, ಸ್ವಿಚ್ಚು ಹೊಸದರ ಹಾಗೇ ಇರುತ್ತದೆ. ಎರಡು ನಿಮಿಷದ ಕೆಲಸ. ನಾನು ಈಗ ವರ್ಷಕ್ಕೊಂದು ಸಲ, ಆಷಾಢದಲ್ಲಿ ಮದುವೆ ಕೆಲಸ ಇಲ್ಲದಾಗ, ಎಫ್ ಸ್ವಿಚ್ಚನ್ನು ಕೆಡುವ ಮುಂಚೆಯೇ ಬದಲಾಯಿಸಿಬಿಡುತ್ತೇನೆ. ಮೆಕ್ಕೀಸ್, ಸ್ಟ್ಯಾಕ್ಸ್‌ಕೆಬಿ ತರಹದ ನಮ್ಮ ದೇಶದ ಆನ್‌ಲೈನ್ ಅಂಗಡಿಗಳಲ್ಲಿ ಸ್ವಿಚ್ಚು ಬಿಡಿಯಾಗಿ ಅಥವಾ ಹತ್ತರ ಪೊಟ್ಟಣದಲ್ಲಿ ಸಿಗುತ್ತದೆ. ಒಂದೊಂದಕ್ಕೆ ನಾನು ಕೊಟ್ಟಿರುವುದು 20ರಿಂದ 40 ರೂಪಾಯಿ.

ಕೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. ಕೆಲವು ಅಗ್ಗದ ಬೋರ್ಡುಗಳ ತೂತು ಸಣ್ಣದು, ಔಟೆಮು ಕಂಪನಿಯ ತೆಳು ಕಾಲಿನ ಸ್ವಿಚ್ಚು ಮಾತ್ರ ಹಿಡಿಯುತ್ತದೆ. ಇನ್ನೊಂದು, ಸ್ವಿಚ್ಚಿನಲ್ಲಿ ಮೂರು ಕಾಲಿನದು, ಐದು ಕಾಲಿನದು ಅಂತ ಎರಡು ಬಗೆ. ಐದರಲ್ಲಿ ಜಾಸ್ತಿ ಇರುವ ಎರಡು ಬರೀ ಪ್ಲಾಸ್ಟಿಕ್, ಅಲ್ಲಾಡದಿರಲಿ ಅಂತ ಕೊಟ್ಟಿರುವುದು. ನಿಮ್ಮ ಬೋರ್ಡು ಮೂರು ಕಾಲಿನದಾದರೆ ಆ ಎರಡು ಪ್ಲಾಸ್ಟಿಕ್ ಕಾಲನ್ನು ನೇಲ್ ಕಟ್ಟರಿನಲ್ಲಿ ಕತ್ತರಿಸಿ ಹಾಕಬಹುದು, ಏನೂ ಆಗುವುದಿಲ್ಲ.

ಈಗ ಸ್ವಿಚ್ಚಿನ ಬಣ್ಣದ ವಿಷಯ. ರೆಡ್, ಬ್ಲೂ, ಬ್ರೌನ್ ಅಂತ ಎಲ್ಲ ಕಡೆ ನೋಡಿರುತ್ತೀರಿ. ಈ ಹೆಸರುಗಳು ಬಂದದ್ದು ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳಿಂದ. 1980ರ ದಶಕದಲ್ಲಿ ಬಂದ ಸ್ವಿಚ್ಚು ಅದು. ಪೇಟೆಂಟ್ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಅಂತ ಚೀನಾದ ಕಂಪನಿಗಳು ಅದೇ ಅಳತೆಯಲ್ಲಿ ಮಾಡತೊಡಗಿದವು. ಬೆಲೆ ಇಳಿಯಿತು. ಇವತ್ತು ನಿಮ್ಮ 2500ಕ್ಕೆ ಇದು ಸಿಗುತ್ತಿರುವುದು ಅದರಿಂದಲೇ. ರೆಡ್ ಅಂದರೆ ತಡೆಯಿಲ್ಲದೆ ನೇರ ಕೆಳಗಿಳಿಯುವುದು, ಚೆರ್ರಿ ರೆಡ್ಡಿಗೆ ಸುಮಾರು 45 ಗ್ರಾಂ ಭಾರ ಸಾಕು. ಬ್ರೌನ್‌ನಲ್ಲಿ ಅರ್ಧ ದಾರಿಯಲ್ಲಿ ಬೆರಳಿಗೊಂದು ಸಣ್ಣ ಉಬ್ಬು ಸಿಗುತ್ತದೆ, ಟಿಕ್ ಅನ್ನುವ ಸದ್ದಿಲ್ಲ. ಬ್ಲೂನಲ್ಲಿ ಉಬ್ಬೂ ಇದೆ, ಟಿಕ್ ಅನ್ನುವ ಸದ್ದೂ ಇದೆ, ಸುಮಾರು 60 ಗ್ರಾಂ.

ಬ್ಲೂ ಸದ್ದು ನಿಮಗೆ ಗೊತ್ತೇ ಇರುತ್ತದೆ. ಬ್ಯಾಂಕಿನಲ್ಲೋ ಡಿ.ಟಿ.ಪಿ. ಅಂಗಡಿಯಲ್ಲೋ ದಪ್ಪನೆಯ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಕೇಳಿರುತ್ತೀರಿ. ಅಂಥ ಹಳೆಯವುಗಳಲ್ಲಿ ಇದ್ದದ್ದು ಚೆರ್ರಿ ಬ್ಲೂ. ಮೆಕ್ಯಾನಿಕಲ್ ಕೀಬೋರ್ಡ್ ಅನ್ನುವ ಮಾತು ಫ್ಯಾಷನ್ ಆಗುವ ಮುಂಚೆಯೇ ನಮ್ಮ ಕಡೆಯ ಟೈಪಿಂಗ್ ಜನ ಮೆಕ್ಯಾನಿಕಲ್ಲನ್ನೇ ಬಳಸುತ್ತಿದ್ದರು. ನಾನು ಕೆಲಸ ಕಲಿತದ್ದೂ ಅದರಲ್ಲೇ. ಆ ಸದ್ದು ನನಗೆ ಬಹಳ ಇಷ್ಟ. ಅಕ್ಷರ ಬಿತ್ತು ಅಂತ ಕಿವಿಗೇ ಗೊತ್ತಾಗುತ್ತದೆ.

ಆದರೂ ನಿಮಗೆ ಬ್ಲೂ ಬೇಡ. ರೂಮಿನಲ್ಲಿ ಇನ್ನಿಬ್ಬರು ಮಲಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಬ್ಲೂ ಸ್ವಿಚ್ಚಿನಲ್ಲಿ ಕೂತು ಹತ್ತು ಪುಟ ಹೊಡೆದರೆ ಸ್ನೇಹ ಉಳಿಯುವುದು ಕಷ್ಟ. ರೆಡ್ ಅಥವಾ ಬ್ರೌನ್ ನೋಡಿ. ಎರಡರಲ್ಲಿ ನನ್ನ ಒಲವು ರೆಡ್ ಕಡೆಗೆ, ಯಾಕೆಂದರೆ ಎಫ್ ಮತ್ತು ಶಿಫ್ಟ್ ಅಷ್ಟು ಸಲ ಒತ್ತುವಾಗ ಹಗುರ ಇದ್ದಷ್ಟೂ ಒಳ್ಳೆಯದು. ಬೆರಳು ಇಟ್ಟರೇ ಅಕ್ಷರ ಬೀಳುತ್ತದೆ, ತಪ್ಪಾಗುತ್ತದೆ ಅನಿಸಿದರೆ ಗೇಟೆರಾನ್ ಯೆಲ್ಲೋ ಅಂತ ಇನ್ನೊಂದಿದೆ. ಅದೂ ರೆಡ್ ಜಾತಿಯದ್ದೇ, ಸುಮಾರು 50 ಗ್ರಾಂ, ಬೆಲೆ ಕಡಿಮೆ. ಕೊಳ್ಳುವ ಮುಂಚೆ ಒಂದು ಸಲ ಕಂಪ್ಯೂಟರ್ ಅಂಗಡಿಯಲ್ಲಿ ಇಟ್ಟಿರುವ ಕೀಬೋರ್ಡುಗಳ ಮೇಲೆ ಬೆರಳಾಡಿಸಿ ಬನ್ನಿ. ಕೊಳ್ಳಲೇಬೇಕು ಅಂತೇನಿಲ್ಲ. ಬೆರಳಿಗೆ ಗೊತ್ತಾದದ್ದು ವಿಡಿಯೋ ನೋಡಿದರೆ ಗೊತ್ತಾಗುವುದಿಲ್ಲ.

ಸೈಜಿನ ವಿಷಯದಲ್ಲಿ ನೀವು ಹುಷಾರಾಗಿರಬೇಕು. ಈ ಬೆಲೆಗೆ ತುಂಬ ಮುದ್ದಾಗಿ ಕಾಣುವುದು 60 ಪರ್ಸೆಂಟ್ ಅನ್ನುವ ಪುಟ್ಟ ಕೀಬೋರ್ಡು. ಅದರಲ್ಲಿ ಮೇಲಿನ ಎಫ್1ರಿಂದ ಎಫ್12ರ ಸಾಲೇ ಇಲ್ಲ. ನೀವು ಟ್ಯಾಲಿ ಕಲಿಯುವವರು. ಪೇಮೆಂಟ್‌ಗೆ ಎಫ್5, ರಿಸೀಟ್‌ಗೆ ಎಫ್6, ಜರ್ನಲ್‌ಗೆ ಎಫ್7, ಸೇಲ್ಸ್‌ಗೆ ಎಫ್8, ಪರ್ಚೇಸ್‌ಗೆ ಎಫ್9. ಪ್ರತಿ ಸಲವೂ ಇನ್ನೊಂದು ಕೀ ಹಿಡಿದು ಒತ್ತುತ್ತಾ ಕೂತರೆ ಕಲಿತ ವೇಗವೆಲ್ಲ ಹೋಗುತ್ತದೆ. ಮುಂದೆ ಆಡಿಟರ್ ಆಫೀಸಿಗೆ ಕೆಲಸಕ್ಕೆ ಸೇರುವ ಆಸೆ ಇದ್ದರೆ ನಂಬರ್ ಪ್ಯಾಡ್ ಕೂಡ ಬೇಕು, ಫುಲ್ ಸೈಜ್ ತಗೊಳ್ಳಿ. ಟೇಬಲ್ಲಿನಲ್ಲಿ ಜಾಗವೇ ಇಲ್ಲ ಅಂದರೆ ಮಾತ್ರ ನಂಬರ್ ಪ್ಯಾಡ್ ಇಲ್ಲದ 87 ಕೀಯದ್ದು. ಅದಕ್ಕಿಂತ ಸಣ್ಣದಕ್ಕೆ ಹೋಗಬೇಡಿ. ಸಣ್ಣ ಬೋರ್ಡುಗಳಲ್ಲಿ ಬಲಗಡೆಯ ಶಿಫ್ಟ್ ಕೂಡ ಎಷ್ಟೋ ಸಲ ಚಿಕ್ಕದಾಗಿರುತ್ತದೆ. ನಮಗೆ ಶಿಫ್ಟ್ ಎಷ್ಟು ಮುಖ್ಯ ಅಂತ ಮೇಲಿನ ಸ್ವಾಗತದ ಸಾಲಲ್ಲೇ ನೋಡಿ: 'ವಾ', 'ಹೋ', 'ಗೂ', 'ಆ', 'ಸ್ವಾ', ಐದು ಕಡೆ ಶಿಫ್ಟ್.

ಶಿಫ್ಟ್ ಬಗ್ಗೆ ಇನ್ನೊಂದು ಮಾತು. ಸ್ಪೇಸ್, ಎಂಟರ್, ಶಿಫ್ಟ್ ತರಹದ ಉದ್ದ ಕೀಗಳ ಕೆಳಗೆ ಅವು ಓರೆಯಾಗದಿರಲಿ ಅಂತ ಒಂದು ತಂತಿ ಇರುತ್ತದೆ, ಸ್ಟೆಬಿಲೈಸರ್ ಅನ್ನುತ್ತಾರೆ. ಅಗ್ಗದ ಬೋರ್ಡುಗಳಲ್ಲಿ ಇದು ಸಡಿಲ ಇದ್ದು ಗಡಗಡ ಅನ್ನುತ್ತದೆ. ಕೀಕ್ಯಾಪ್ ತೆಗೆದು, ತಂತಿಯ ತುದಿ ಪ್ಲಾಸ್ಟಿಕ್ ಒಳಗೆ ಸೇರುವ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸನ್ನು ಬೆಂಕಿಕಡ್ಡಿ ತುದಿಯಲ್ಲಿ ಒಂದು ಸಾಸಿವೆ ಕಾಳಿನಷ್ಟು ಹಚ್ಚಿದರೆ ಸಾಕು, ಸದ್ದು ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಮಿಷನ್ ಎಣ್ಣೆಯನ್ನೋ ಬಿಡಬೇಡಿ. ಎಣ್ಣೆ ಹರಿದು ಸ್ವಿಚ್ಚಿಗಿಳಿಯುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ರೂಮಿನಲ್ಲಿ ಸದ್ದು ಇನ್ನೂ ಕಡಿಮೆ ಆಗಬೇಕಾದರೆ ಕೀಬೋರ್ಡ್ ಕೆಳಗೆ ಒಂದು ಟವೆಲ್ ಮಡಿಸಿ ಹಾಕಿ. ಮರದ ಟೇಬಲ್ಲು ಡೋಲಿನ ಹಾಗೆ ಸದ್ದನ್ನು ಹೆಚ್ಚಿಸುತ್ತದೆ, ಟವೆಲ್ ಅದನ್ನು ತಡೆಯುತ್ತದೆ.

ಬ್ರ್ಯಾಂಡ್ ಹೆಸರು ಕೇಳಿದ್ದೀರಿ. ಕಾಸ್ಮಿಕ್ ಬೈಟ್, ರೆಡ್ರ್ಯಾಗನ್, ಎವೋಫಾಕ್ಸ್, ಇವುಗಳಲ್ಲಿ 2000ದಿಂದ 3000ದ ಆಸುಪಾಸಿನಲ್ಲಿ ನೋಡಿ. ಬೆಲೆ ವಾರಕ್ಕೊಂದು ಥರ ಇರುತ್ತದೆ. ದಸರಾ, ದೀಪಾವಳಿ ಸೇಲಿನ ತನಕ ಕಾಯುವ ತಾಳ್ಮೆ ಇದ್ದರೆ ಒಂದು ಮೆಟ್ಟಿಲು ಮೇಲಿನದ್ದು ಸಿಗಬಹುದು. ಒಂದೇ ಕಂಪನಿಯ ಒಂದು ಮಾದರಿಯಲ್ಲಿ ಹಾಟ್‌ಸ್ವಾಪ್ ಇರುತ್ತದೆ, ಪಕ್ಕದ ಮಾದರಿಯಲ್ಲಿ ಇರುವುದಿಲ್ಲ. ಹೆಸರು ನೋಡಿ ತಗೊಳ್ಳಬೇಡಿ, ವಿವರದಲ್ಲಿ ಹಾಟ್‌ಸ್ವಾಪ್ ಅನ್ನುವ ಪದ ಇದೆಯಾ ಅಂತ ಓದಿ ತಗೊಳ್ಳಿ.

ಓದುವಾಗ ಇನ್ನೊಂದು ಪದದ ಮೇಲೂ ಕಣ್ಣಿಡಿ. 'ಮೆಕ್ಯಾನಿಕಲ್ ಫೀಲ್' ಅಂತ ಬರೆದಿದ್ದರೆ ಅದು ಮೆಕ್ಯಾನಿಕಲ್ ಅಲ್ಲ, ಅದೇ ರಬ್ಬರ್ ಬುಗ್ಗೆಯ ಕೀಬೋರ್ಡು. ನಮ್ಮ ಅಂಗಡಿಗೆ ಬರುವ ಒಬ್ಬ ಹುಡುಗ 1200 ರೂಪಾಯಿ ಕೊಟ್ಟು ಇಂಥದ್ದೊಂದು ತಂದಿದ್ದ. ಬಣ್ಣಬಣ್ಣದ ಲೈಟು, ದಪ್ಪ ಕೀಗಳು. ಕೀಕ್ಯಾಪ್ ಎತ್ತಿ ತೋರಿಸಿದಾಗ ಕೆಳಗೆ ಬಿಳಿ ರಬ್ಬರ್ ಕಂಡು ಅವನ ಮುಖ ಬಾಡಿಹೋಯಿತು. ಮೆಕ್ಯಾನಿಕಲ್ ಆಗಿದ್ದರೆ ಸ್ವಿಚ್ಚಿನ ಬಣ್ಣವೋ ಹೆಸರೋ ಎಲ್ಲಾದರೂ ಬರೆದೇ ಇರುತ್ತಾರೆ.

ಲೈಟಿಗೆ, ವೈರ್‌ಲೆಸ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಟೇಬಲ್ ಮೇಲೆ ಒಂದೇ ಕಡೆ ಇರುವ ಕೀಬೋರ್ಡಿಗೆ ವೈರು ಸಾಕು, ಬ್ಯಾಟರಿ ಚಿಂತೆಯೂ ಇಲ್ಲ. ಆ ದುಡ್ಡನ್ನು ಪಿಬಿಟಿ ಪ್ಲಾಸ್ಟಿಕ್ಕಿನ ಕೀಕ್ಯಾಪ್ ಇರುವ ಬೋರ್ಡಿಗೆ ಹಾಕಬಹುದು. ಮಾಮೂಲಿ ಎಬಿಎಸ್ ಕ್ಯಾಪು ಬೆರಳಿನ ಜಿಡ್ಡಿಗೆ ಬೇಗ ಹೊಳಪಾಗಿ ಜಾರುತ್ತದೆ, ಪಿಬಿಟಿ ತಡೆದುಕೊಳ್ಳುತ್ತದೆ. ಆದರೆ ಪಿಬಿಟಿ ಇಲ್ಲದಿದ್ದರೂ ನಡೆಯುತ್ತದೆ, ಹಾಟ್‌ಸ್ವಾಪ್ ಇಲ್ಲದಿದ್ದರೆ ನಡೆಯುವುದಿಲ್ಲ.

ಹಳೇ ಟಿವಿಎಸ್ ಗೋಲ್ಡ್ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಒಬ್ಬರೇ ಇರುವ ರೂಮಾಗಿದ್ದರೆ ಖಂಡಿತ ತಗೊಳ್ಳಿ ಅನ್ನುತ್ತಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ, ಗಟ್ಟಿ ಸಾಮಾನು. ಆದರೆ ಅದಕ್ಕೆ ಹಾಟ್‌ಸ್ವಾಪ್ ಇಲ್ಲ, ಸದ್ದು ಜಾಸ್ತಿ, ಹಳೆಯವುಗಳಲ್ಲಿ ಗುಂಡನೆಯ ಪಿಎಸ್2 ಪಿನ್ ಇರುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಹಾಕಲು ಕನ್ವರ್ಟರ್ ಬೇರೆ ಬೇಕು. ಕೊಟ್ಟವರು ಯಾವುದಾದರೂ ಕಚೇರಿಯಲ್ಲಿ ಕನ್ನಡ ಟೈಪ್ ಮಾಡುತ್ತಿದ್ದವರಾದರೆ ಎಫ್ ಕೀ ಆಗಲೇ ಅರ್ಧ ಆಯುಷ್ಯ ಮುಗಿಸಿರುತ್ತದೆ. ನಿಮಗೆ ಬೇಡ.

ಕೀಬೋರ್ಡ್ ಬಂದ ದಿನ ಡಬ್ಬ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನೋಟ್‌ಪ್ಯಾಡ್ ತೆರೆದು, ನುಡಿ ಆಫ್ ಮಾಡಿ, ಎಲ್ಲ ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ಆಮೇಲೆ ಎಫ್ ಒಂದನ್ನೇ ಹತ್ತು ಸಲ ಒತ್ತಿ ಎಂಟರ್ ಹೊಡೆಯಿರಿ, ಮತ್ತೆ ಹತ್ತು, ಮತ್ತೆ ಎಂಟರ್. ಇಪ್ಪತ್ತು ಸಾಲು ಹೀಗೆ ಮಾಡಿ. ಸಾಲುಗಳೆಲ್ಲ ಒಂದೇ ಉದ್ದ ಇರಬೇಕು. ಒಂದು ಸಾಲು ಉದ್ದವೋ ಗಿಡ್ಡವೋ ಬಂದರೆ ಎಣಿಸುವಾಗ ನೀವು ತಪ್ಪಿರಬಹುದು, ಇನ್ನೊಂದು ಸುತ್ತು ನಿಧಾನವಾಗಿ ಮಾಡಿ. ಮತ್ತೆ ಹಾಗೇ ಬಂದರೆ ಸ್ವಿಚ್ಚು ಬದಲಾಯಿಸಿ ನೋಡುತ್ತಾ ಕೂರಬೇಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಕಳಿಸಿಬಿಡಿ. ಎಲ್ಲ ಸರಿಯಿದ್ದರೆ ನುಡಿ ಆನ್ ಮಾಡಿ, ಆ ಸ್ವಾಗತದ ಸಾಲನ್ನು ಒಂದು ಸಲ ಹೊಡೆಯಿರಿ. ಯಾವ ಮಾದರಿ ತಗೊಂಡಿರಿ, ಎಫ್ ಬೆರಳಿಗೆ ಹೇಗನಿಸಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.